ಅಂಗಳದ ರೆಪ್ಪೆ

ಬಹಳ ಹಿಂದೆ, ಹಕ್ಕಿಗಳು ಮನುಷ್ಯರ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ, ಹೊಂಬಯಲು ಎಂಬ ರಾಜ್ಯವಿತ್ತು. ಅಲ್ಲಿ ಮನೆಯೆಂದರೆ ಕಾಳು ತುಂಬಲು, ಕೋಳಿ ಕೂಡಿಹಾಕಲು ಒಂದು ಕತ್ತಲ ಕೋಣೆ, ಅಷ್ಟೆ. ಜನರ ಬಾಳುವೆಯೆಲ್ಲ ಅಂಗಳದಲ್ಲಿ. ಊಟ ಅಂಗಳದಲ್ಲಿ, ಜಗಳ ಅಂಗಳದಲ್ಲಿ, ನಿದ್ದೆ ಅಂಗಳದಲ್ಲಿ. ರಾಜನ ಮಂಚವೂ ಅರಮನೆಯ ಅಂಗಳದಲ್ಲೇ. ಆ ಅಂಗಳಗಳಿಗೆ ಬೇಲಿಯಿಲ್ಲ, ಗೋಡೆಯಿಲ್ಲ, ಒಂದು ಹರಕು ಚಾಪೆಯ ಮರೆಯೂ ಇಲ್ಲ. 'ಮರೆ ಕಟ್ಟಿದವನು ಕಳ್ಳ' ಎಂಬುದು ಅಲ್ಲಿಯ ಗಾದೆ, ಅದೇ ಕಾನೂನು. ಬಚ್ಚಿಡಲು ಏನೂ ಇಲ್ಲದವರೂ ಈ ಗಾದೆ ಹೇಳಿ ಮೀಸೆ ತಿರುವುತ್ತಿದ್ದರು.

ಇಂಥ ರಾಜ್ಯಕ್ಕೆ ಬಿಡುಗಣ್ಣ ಎಂಬ ಮಾಂತ್ರಿಕ ಬಂದು ಎದುರಿನ ಬೋಳುಗುಡ್ಡದ ಮೇಲೆ ಕೂತ. ಅವನಿಗೆ ಹುಟ್ಟಿನಿಂದ ಕಣ್ಣಿಗೆ ರೆಪ್ಪೆ ಇರಲಿಲ್ಲ. ರೆಪ್ಪೆ ಇಲ್ಲದವನಿಗೆ ನಿದ್ದೆ ಎಲ್ಲಿಂದ ಬರಬೇಕು? ತನಗಿಲ್ಲದ್ದು ಇವರಿಗೇಕೆ ಎಂದು, ಕಂಡಕಂಡವರ ನಿದ್ದೆಯನ್ನು ಕಣ್ಣಿನಿಂದಲೇ ಎಳೆದು ಸೋರೆಬುರುಡೆಯಲ್ಲಿ ತುಂಬಿ, ಬಿರಟೆ ಜಡಿದು, ಹಗಲಿರುಳೂ ಎದೆಗವಚಿಕೊಂಡು ಕೂತ.

ಹೊಂಬಯಲಿಗೆ ನೆಮ್ಮದಿ ತಪ್ಪಿತು. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಅಣ್ಣತಮ್ಮಂದಿರು ಸೌದೆಯ ಸಿಬಿರಿಗೆ ಹೊಡೆದಾಡಿದರು. ಕೋಣೆ ಹೊಕ್ಕು ಬಾಗಿಲು ಹಾಕಿದವರು ಸೆಕೆಗೆ ಬೆಂದು ಮತ್ತೆ ಅಂಗಳಕ್ಕೇ ಬಂದು ಬಿದ್ದರು. ಬಿದ್ದು ಹೊರಳಿದರು, ಎದ್ದು ಕೂತರು, ಮತ್ತೆ ಬಿದ್ದು ಹೊರಳಿದರು.

ಆ ಊರಿನಲ್ಲಿ ಕಾಳಿಂಗ ಎಂಬ ಯುವಕನಿದ್ದ. ನಿದ್ದೆ ಇದ್ದಾಗಲೇ ಅವನು ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಯಾರ ಮಾತನ್ನೂ ಅರ್ಧಕ್ಕಿಂತ ಹೆಚ್ಚು ಕೇಳಿದವನಲ್ಲ. ಅವನ ಹೆಂಡತಿ ಹೊಂಬಾಳೆಗೆ ಹೆಣ್ಣುಕೂಸು ಹುಟ್ಟಿ ತಿಂಗಳಾಗಿತ್ತು. ಕೂಸು ನಿದ್ದೆಯಿಲ್ಲದೆ ಅತ್ತು ಅತ್ತು, ಈಗ ಅಳುವುದನ್ನೂ ಬಿಟ್ಟಿತ್ತು. ಮುಷ್ಟಿ ಬಿಗಿದು, ಕಣ್ಣು ತೆರೆದು, ಮೊಲೆಗೆ ಬಾಯಿಡದೆ ಮಲಗಿರುತ್ತಿತ್ತು.

ಸೂಲಗಿತ್ತಿ ಮುಟ್ಟಿ ನೋಡಿ ಕಾಳಿಂಗನನ್ನು ಪಕ್ಕಕ್ಕೆ ಕರೆದಳು. "ನಿದ್ದೆ ಬಂದ್ರೆ ಕೂಸು ಉಳೀತದೆ ಕಣಪ್ಪ. ಬರದೇ ಹೋದ್ರೆ ಅಮಾಸೆ ದಾಟೋದು ಕಷ್ಟ."

ಕಾಳಿಂಗ ಹುಚ್ಚನಂತೆ ಕೆರೆಯ ಕಡೆ ಓಡಿದ. ಅಲ್ಲಿ ಜಾಲಿಯ ಕೊಂಬೆಯಲ್ಲಿ ಗೀಜಗವೊಂದು ತೂಗುವ ಗೂಡಿನೊಳಗೆ ಗೊರಕೆ ಹೊಡೆಯುತ್ತಿತ್ತು. ರಾಜ್ಯದಲ್ಲೆಲ್ಲ ನಿದ್ದೆ ಮಾಡುತ್ತಿದ್ದ ಜೀವ ಅದೊಂದೇ.

"ಗೀಜಗಪ್ಪಾ, ನಿಂಗೆ ಹೆಂಗೆ ನಿದ್ದೆ ಬರ್ತದೆ?"

"ಮರೆ ಹೆಣ್ಕೊಂಡಿದೀನಿ, ಮಲಗ್ತೀನಿ," ಎಂದಿತು ಗೀಜಗ. "ನೀನೂ ಅಂಗಳಕ್ಕೆ ತಡಿಕೆ ಕಟ್ಟು. ಆದ್ರೆ ಕಟ್ಟೋ ಮುಂಚೆ..."

ಅಷ್ಟರಲ್ಲಿ ಕಾಳಿಂಗ ಅರ್ಧ ದಾರಿ ಓಡಿಯಾಗಿತ್ತು. ಕಳ್ಳನೆನ್ನಲಿ, ಸುಳ್ಳನೆನ್ನಲಿ, ಕೂಸು ಉಳಿದರೆ ಸಾಕು ಎಂದುಕೊಂಡ. ತೆಂಗಿನ ಗರಿ ತಂದ, ಹೆಣೆದ, ಗೇಣುದ್ದ ಗುಂಡಿ ತೋಡಿ ಗೂಟ ನಿಲ್ಲಿಸಿದ, ಗರಿ ಬಿಗಿದ. ಗುಡ್ಡದ ಮೇಲಿಂದ ಬಿಡುಗಣ್ಣ ಅದನ್ನು ಕಂಡು ಮಂತ್ರದಿಂದ ಗಾಳಿಯನ್ನೇ ಕೋಣ ಮಾಡಿ ಬಿಟ್ಟ. ಕೋಣ ಒಂದೇ ಒಂದು ಸಲ ಮೈ ಉಜ್ಜಿತು. ತಡಿಕೆ ಅಂಗಾತ ಬಿತ್ತು.

ಕಾಳಿಂಗ ಮತ್ತೆ ಗೀಜಗದ ಬಳಿ ಓಡಿದ.

"ಪೂರ್ತಿ ಕೇಳಿದ್ರೆ ತಾನೆ? ಗೂಟ ಮೊಣಕಾಲಷ್ಟು ಆಳ ಹೋಗ್ಬೇಕು, ಬುಡಕ್ಕೆ ಕಲ್ಲು ಜಡೀಬೇಕು. ಇನ್ನೊಂದು ವಿಷ್ಯ..."

ಕಾಳಿಂಗ ಆಗಲೇ ಮಾಯ. ಈ ಸಲ ಬಿದಿರು ಸೀಳಿದ. ಮೊಣಕಾಲಾಳದ ಗುಂಡಿ, ಬುಡಕ್ಕೆ ಕಲ್ಲು. ಗಾಳಿಕೋಣ ಬಂದು ಗುದ್ದಿತು, ಕೊಂಬು ಮುರಿದುಕೊಂಡು ಹೋಯಿತು. ಆದರೆ ಹೊಂಬಯಲಿನವನ ಬುದ್ಧಿ ನೋಡಿ! ಬೀದಿಯ ಕಡೆ ಆಳೆತ್ತರದ ಕಂಡಿ ಬಿಟ್ಟಿದ್ದ.

"ಅಲ್ಲಾ, ಇದ್ಯಾಕೆ ಬಿಟ್ರಿ?" ಎಂದಳು ಹೊಂಬಾಳೆ.

"ಅಕ್ಕಪಕ್ಕದೋರು ಏನಂದ್ಕೊಳ್ಳಲ್ಲ? ನಾವೇನೂ ಬಚ್ಚಿಟ್ಟಿಲ್ಲ ಅಂತ ಕಾಣ್ಲಿ."

ಅಕ್ಕಪಕ್ಕದವರಿಗೆ ಕಂಡಿದ್ದು ಬಿಡುಗಣ್ಣನಿಗೂ ಕಂಡಿತು. ಅವನ ನೋಟ ಹಳದಿ ಹಲ್ಲಿಯಾಗಿ ಕಂಡಿಯಿಂದ ನುಸುಳಿ, ನೆಲದಲ್ಲಿ ಹರಿದು, ಕೂಸಿನ ಹಣೆಯ ಮೇಲೆ ಕೂತಿತು. ಕೂಸು ಮೈ ಸೆಟೆಸಿತು. ಹೊಂಬಾಳೆ ಹಲ್ಲಿಯನ್ನು ಕೊಡವಿ, ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ಕಾಳಿಂಗ ಅದೇ ಮೊದಲು ಕಂಡದ್ದು.

ಮೂರನೆಯ ಸಲ ಅವನು ಓಡಲಿಲ್ಲ, ನಡೆದು ಹೋದ. ಜಾಲಿಯ ಬುಡದಲ್ಲಿ ಕೂತ. ಕಾಲು ಕುಣಿಯುತ್ತಿದ್ದವು, ಎರಡು ಕೈಯಲ್ಲಿ ಮಂಡಿ ಅದುಮಿ ಹಿಡಿದು ಕೂತ.

"ಹೇಳು ಗೀಜಗಪ್ಪಾ. ಮುಗಿಯೋವರ್ಗೂ ಏಳಲ್ಲ."

"ಕಂಡಿ ಬಿಡಬಾರದು, ಅದು ನಿಂಗೆ ಗೊತ್ತಾಯ್ತು. ಇನ್ನು ಕೊನೇದು. ಮರೆಯ ಒಳಗೆ ಯಾರ್ಯಾರು ಮಲಗ್ತಾರೋ ಅವರೆಲ್ಲರ ಕೈಯೂ ಹೆಣಿಗೆಗೆ ಬೀಳ್ಬೇಕು. ಒಬ್ಬರು ಹೆಣೆದ ಮರೆ ಇನ್ನೊಬ್ಬರನ್ನ ಕಾಯಲ್ಲ. ಆದ್ರೂ ಹೋದ ನಿದ್ದೆಯನ್ನ ತಡಿಕೆ ತಂದ್ಕೊಡಲ್ಲ ಮಗಾ. ಅದು ಬುರುಡೆಯಲ್ಲಿದೆ. ಬುರುಡೆ ಅವನ ಕೈಯಲ್ಲಿದೆ."

ಗಂಡಹೆಂಡಿರು ಕೆರೆಯ ಜೊಂಡು ಕೊಯ್ದು ತಂದರು. ಅಡ್ಡಗಳುಗಳಿಗೆ ಕತ್ತಾಳೆ ನಾರು ಬಿಗಿದು, ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ, ಒಂದು ಕೆಳಗೆ, ಇಬ್ಬರೂ ಎದುರುಬದುರು ಕೂತು ಹೆಣೆದರು. ಕೊನೆಯ ಜೊಂಡನ್ನು ಕೂಸಿನ ಮುಷ್ಟಿಯಲ್ಲಿಟ್ಟು, ಆ ಮುಷ್ಟಿಯನ್ನೇ ಹಿಡಿದು ತೂರಿಸಿದರು. ನಾಲ್ಕೂ ಕಡೆ ತಡಿಕೆ ನಿಂತಿತು. ಹಳದಿ ಹಲ್ಲಿ ಸುತ್ತಲೂ ಹರಿದಾಡಿ, ದಾರಿ ಕಾಣದೆ ಒಣಗಿ ಬಿತ್ತು. ಕೂಸಿನ ಮುಷ್ಟಿ ಬಿಚ್ಚಿತು. ಆದರೆ ಕಣ್ಣು ಮುಚ್ಚಲಿಲ್ಲ. ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು.

ಸುದ್ದಿ ಅರಮನೆಗೆ ಮುಟ್ಟಿತು. ಕೆಂಡಗಣ್ಣಿನ ರಾಜ ಭಟರೊಂದಿಗೆ ಬಂದ. "ಏನೋ ಇದು? ನನ್ನ ರಾಜ್ಯದಲ್ಲಿ ಮರೆ? ಕೆಡವ್ರೋ!"

"ಬುದ್ಧೀ, ಒಂದು ಜೊಂಡು ಹೆಣೆದು, ಒಂದು ಗಳಿಗೆ ಒಳಗೆ ಕೂತು ನೋಡಿ. ಆಮೇಲೆ ನನ್ನ ತಲೆ ತೆಗೆಸಿ," ಎಂದ ಕಾಳಿಂಗ.

ರಾಜ ಜೊಂಡನ್ನು ಅಡ್ಡಾದಿಡ್ಡಿ ತೂರಿಸಿ ಒಳಗೆ ಕೂತ. ಎಷ್ಟೋ ದಿನದಿಂದ ಕಿವಿಯವರೆಗೆ ಏರಿದ್ದ ಅವನ ಹೆಗಲು ಇಳಿಯಿತು. ತೆರೆದ ಕಣ್ಣಿನ ಆ ಕೂಸನ್ನು ನೋಡಿದ. ಆಮೇಲೆ ಮೆಲ್ಲಗೆ, "ಯಾರಲ್ಲಿ? ನಂಗೂ ಗೂಟ ತನ್ನಿ," ಎಂದ.

ಅಂದು ಹೊಂಬಯಲಿನಲ್ಲಿ ಕೈಕಟ್ಟಿ ಕೂತವರಿಲ್ಲ. ಗರಿಯಿದ್ದವರು ಗರಿ, ಬಿದಿರಿದ್ದವರು ಬಿದಿರು, ಏನೂ ಇಲ್ಲದವರು ಹಳೆಯ ಸೀರೆ ಸೀಳಿ ಹೆಣೆದರು. ರಾಣಿಯ ಬೆರಳಲ್ಲಿ ಸಿಬಿರು ಹೊಕ್ಕು ಅವಳು ಬೈದ ಬೈಗುಳ ಬೀದಿಗೆಲ್ಲ ಕೇಳಿತು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಮರೆಯಿಲ್ಲದ ಅಂಗಳ ಒಂದೂ ಉಳಿಯಲಿಲ್ಲ.

ಗುಡ್ಡದ ಮೇಲೆ ಬಿಡುಗಣ್ಣನಿಗೆ ನೋಡಲು ಏನೂ ಇಲ್ಲದಾಯಿತು. ಉರಿಗಣ್ಣು ಬಿಟ್ಟುಕೊಂಡು, ಬುರುಡೆ ಅವಚಿಕೊಂಡು, ತಾನೇ ಇಳಿದು ಬಂದ. ಕಾಳಿಂಗನ ತಡಿಕೆಯ ಮುಂದೆ ನಿಂತು ಗುಡುಗಿದ. "ತೆಗೆಯೋ ಇದನ್ನ!"

ಕಾಳಿಂಗ ಕುಡುಗೋಲು ಹಿಡಿದೇ ಹೊರಗೆ ಬಂದ. ಎದುರಿಗಿದ್ದವನ ಕಣ್ಣು ನೋಡಿದ. ಕೆಂಪಗೆ, ಧೂಳು ತುಂಬಿ, ನೀರು ಸುರಿಯುತ್ತಿದ್ದ ಕಣ್ಣು. ತನ್ನ ಕೂಸಿನ ಕಣ್ಣೂ ಹಾಗೇ ತೆರೆದುಕೊಂಡಿತ್ತಲ್ಲ! ಎತ್ತಿದ ಕೈ ಇಳಿಯಿತು.

"ನಿಂಗೂ ಒಂದು ಮರೆ ಬೇಕಾ?"

ಬಿಡುಗಣ್ಣನನ್ನು ಹಾಗೆ ಯಾರೂ ಕೇಳಿರಲಿಲ್ಲ. ತಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಹೆಣೆದು ಕೊಡ್ತೀಯಾ?"

"ನಾನು ಹೆಣೆದ್ರೆ ನಿಂಗೆ ಆಗಲ್ಲ. ನೀನೇ ಹೆಣೀಬೇಕು, ಕೂತ್ಕೋ." ಕಾಳಿಂಗ ಜೊಂಡಿನ ಕಟ್ಟು ಮುಂದಿಟ್ಟ.

ಮಾಂತ್ರಿಕ ಒಂದು ಕೈಯಲ್ಲಿ ಬುರುಡೆ ಅವಚಿ, ಇನ್ನೊಂದು ಕೈಯಲ್ಲಿ ಹೆಣೆಯಲು ಹೋದ. ಜೊಂಡು ಜಾರಿತು. ಮತ್ತೆ ಹೋದ, ಮತ್ತೆ ಜಾರಿತು. ಮೂರನೆಯ ಸಲವೂ ಜಾರಿತು.

"ಅದಕ್ಕೆ ಎರಡು ಕೈ ಬೇಕು," ಎಂದ ಕಾಳಿಂಗ. ಮಂತ್ರಗಳನ್ನೆಲ್ಲ ಬಲ್ಲವನಿಗೆ ಇಷ್ಟು ಗೊತ್ತಿರಲಿಲ್ಲ.

ಬಿಡುಗಣ್ಣ ಬುರುಡೆಯನ್ನು ನೋಡಿದ, ಜೊಂಡನ್ನು ನೋಡಿದ. ಬುರುಡೆಯನ್ನು ನೆಲಕ್ಕಿಟ್ಟ. ಒಂದು ಮೇಲೆ, ಒಂದು ಕೆಳಗೆ. ಹೆಣಿಗೆ ಕೈಗೆ ಹತ್ತಿದ ಮೇಲೆ ಅವನಿಗೆ ಬೇರೆ ಯಾವುದರ ಧ್ಯಾನವೂ ಉಳಿಯಲಿಲ್ಲ. ತಡಿಕೆಯ ಸೆರಗಿನಿಂದ ಹೊಂಬಾಳೆಯ ಕೈ ಮೆಲ್ಲಗೆ ಹೊರಗೆ ಬಂದು ಬಿರಟೆ ಕಿತ್ತಿತು.

ನಿದ್ದೆಗಳು ತಣ್ಣನೆಯ ಗಾಳಿಯಾಗಿ ಹೊರಟವು. ಎಲ್ಲಕ್ಕಿಂತ ಚಿಕ್ಕದು ಮೊದಲು ಮನೆ ಸೇರಿತು. ಕೂಸು ಬಾಯಿ ತುಂಬ ಆಕಳಿಸಿ ಕಣ್ಣು ಮುಚ್ಚಿತು. ರಾಜ ಬಿದ್ದಲ್ಲೇ ಗೊರಕೆ ಹೊಡೆದ. ಭಟರು ಈಟಿಗೆ ಒರಗಿ ನಿದ್ದೆಹೋದರು. ಬಿಡುಗಣ್ಣ ತನ್ನ ತಡಿಕೆ ಮುಗಿಸಿ, ಅದರ ನೆರಳಲ್ಲಿ ಮೊದಲ ಸಲ ತಲೆಯಿಟ್ಟ. ಅವನ ನಿದ್ದೆ ಎಲ್ಲೂ ಹೋಗಿರಲಿಲ್ಲ. ಮರೆ ಸಿಗದೆ, ಹುಟ್ಟಿದಾಗಿನಿಂದ ಅವನ ಬೆನ್ನ ಹಿಂದೆಯೇ ಅಲೆಯುತ್ತಿತ್ತು. ಆಮೇಲೆ ಅವನು ಯಾರ ನಿದ್ದೆಗೂ ಕೈ ಹಾಕಲಿಲ್ಲ.

ಅಂದಿನಿಂದ ಹೊಂಬಯಲಿನಲ್ಲಿ ಗಾದೆ ಬದಲಾಯಿತು. 'ಮರೆಯಿಲ್ಲದ ಅಂಗಳಕ್ಕೆ ಹೆಣ್ಣು ಕೊಡಬೇಡ' ಎನ್ನತೊಡಗಿದರು. ಕಾಳಿಂಗನಿಗೆ ಮಾತ್ರ ಆ ದಿನ ಎಲ್ಲರಿಗಿಂತ ಕೊನೆಗೆ ನಿದ್ದೆ ಬಂತು. ಕೂಸಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ, ಕೈಕಾಲು ಅಲ್ಲಾಡಿಸದೆ, ಸಂಜೆಯವರೆಗೂ ಒಂದೇ ಕಡೆ ಕೂತಿದ್ದ. ಎಲ್ಲರೂ ಸುಖವಾಗಿದ್ದರು, ಮರುದಿನ ಬೆಳಿಗ್ಗೆ ಕೂಸು ಹಸಿದು ಊರೇ ಏಳುವಂತೆ ಅತ್ತಾಗ ಯಾರೂ ಬೈಯಲಿಲ್ಲ.