ನೀಲಿ ಕಾರಿನ ಪಡಿಯಚ್ಚು

ಸೋದರಮಾವನ ಮೇಲೆ ಅವನಿಗಿದ್ದ ಸಿಟ್ಟಿಗೆ ಆಸ್ತಿ ಕಾರಣವಲ್ಲ, ಹಳೆಯ ಜಗಳವೂ ಕಾರಣವಲ್ಲ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದೊಂದು ನೀಲಿ ಕಾರು ಕಾರಣ. ಎಷ್ಟೋ ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಎಡೆಬಿಡದೆ ಓಡಿದ ರೇಸು ಕಾರಿನ ಪುಟ್ಟ ಮಾಡೆಲ್ ಅದು. ಲೋಹದ ಮೈ, ಮುಂದೆ ಹಳದಿ ದೀಪ, ಬಾಗಿಲ ಮೇಲೆ ಬಿಳಿಯ ವೃತ್ತದೊಳಗೊಂದು ಅಂಕಿ. ಇಂಥ ಕಾರುಗಳನ್ನು ಕೂಡಿಹಾಕುವ ಹುಚ್ಚಿರುವವರು ಅದನ್ನೊಮ್ಮೆ ಕಂಡರೆ ಊಟ ನಿದ್ದೆ ಬಿಡುತ್ತಿದ್ದರು. ಮಾವ ಮಾತ್ರ ಅದನ್ನು ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅಳಿಯನ ಲೆಕ್ಕದಲ್ಲಿ ಅದು ಮಂಗನ ಕೈಗೆ ಸಿಕ್ಕ ಮಾಣಿಕ್ಯ.

ಅಳಿಯನ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ಡಾಕ್ಟರುಗಳು ಕಿತ್ತದ್ದನ್ನೆಲ್ಲ ಅವನು ಕಟ್ಟಿ ಕೊಡುತ್ತಿದ್ದ. ಮದುವೆಯಾಗಿರಲಿಲ್ಲ. ದುಡಿದದ್ದು ಮನೆಯ ಗಾಜಿನ ಬೀರುವಿನೊಳಗೆ ಸಾಲುಗಟ್ಟಿ ನಿಂತಿತ್ತು. ಎಲ್ಲ ಫ್ರೆಂಚ್ ಕಾರುಗಳು, ಎಲ್ಲ ಇಸವಿಯ ಪ್ರಕಾರ, ಒಂದೊಂದೂ ಮರದ ಹಲಗೆಗೆ ತಿರುಪು ಹಾಕಿ ಬಿಗಿದದ್ದು. ಕೈಗವಸು ತೊಡದೆ ಅವನು ಆ ಬಾಗಿಲು ತೆರೆದದ್ದೇ ಇಲ್ಲ. ಸಾಲಿನ ನಡುವೆ ಒಂದೇ ಒಂದು ಕಡೆ ಖಾಲಿ. ಅದು ಮುಂಬಲ್ಲು ಬಿದ್ದ ಬಾಯಿಯಂತೆ ಅವನನ್ನು ನೋಡಿ ದಿನವೂ ನಗುತ್ತಿತ್ತು. ಅವನಂಥದೇ ಹುಚ್ಚಿನ ಗೆಳೆಯರು ಬರುವ ತಿಂಗಳು ಬೀರು ನೋಡಲು ಬರುವವರಿದ್ದರು. ಅವರೆದುರು ಆ ಖಾಲಿ ಜಾಗ ತೋರಿಸುವುದಕ್ಕಿಂತ ಸಾಯುವುದು ಮೇಲು ಎನ್ನಿಸುತ್ತಿತ್ತು.

ನೇರ ದಾರಿಯಲ್ಲಿ ಪ್ರಯತ್ನ ಮಾಡಿರಲಿಲ್ಲವೆಂದಲ್ಲ.

"ಮಾವ, ಆ ಕಾರು ನಂಗೆ ಕೊಟ್ಬಿಡಿ. ಬದಲಿಗೆ ಏನು ಕೇಳಿದ್ರೂ ಕೊಡ್ತೀನಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಪ್ಪ. ಅದು ಮನೆಗೆ ಬೇಕು."

"ಮನೇಲಿ ಅದಕ್ಕೇನು ಕೆಲಸ?"

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದುಬಿಟ್ಟರು. ಇಬ್ಬರೂ ಸೇರಿ ತನ್ನನ್ನು ಗೇಲಿ ಮಾಡಿದರೆಂದು ಅಳಿಯ ಅಂದೇ ತೀರ್ಮಾನಿಸಿದ. ಆದರೂ ಆ ಮನೆಯೊಡನೆ ಜಗಳ ಮಾಡಿಕೊಳ್ಳುವ ಹಾಗಿರಲಿಲ್ಲ. ಲೋಕದಲ್ಲಿ ಅವನಿಗಾಗಿ ತಟ್ಟೆ ಇಟ್ಟು ಕಾಯುವ ಮನೆ ಅದೊಂದೇ. ಭಾನುವಾರದ ಆ ಊಟ ತಪ್ಪಿದರೆ ವಾರವೆಲ್ಲ ಅವನಿಗೆ ಮಂಕು ಬಡಿಯುತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಾರು ಇಲ್ಲಿಗೆ ಬರಬೇಕು, ಅಲ್ಲಿಂದ ಹೋದದ್ದು ಗೊತ್ತಾಗಬಾರದು.

ಅಷ್ಟರಲ್ಲಿ ಮಾವನ ಕೊನೆಯ ಹಲ್ಲು ಬಿತ್ತು. ದೇವರೇ ಬಾಗಿಲು ತೆರೆದ ಹಾಗಾಯಿತು.

"ನೀವ್ಯಾಕೆ ಮಾವ ಅಲ್ಲಿ ಇಲ್ಲಿ ಅಲೆಯೋದು? ನಾನೇ ಮನೆಗೆ ಬಂದು ಅಳತೆ ತಗೋತೀನಿ," ಎಂದ.

ಮಾವ ನೆರೆಹೊರೆಯವರಿಗೆಲ್ಲ ಅಳಿಯನ ಗುಣಗಾನ ಮಾಡಿದರು. ಕೇಳಿದಾಗ ಅವನಿಗೆ ಎದೆಯಲ್ಲಿ ಸಣ್ಣದೊಂದು ಮುಳ್ಳು ಚುಚ್ಚಿತು. ಅದನ್ನು ಅವನು ಕಿತ್ತೆಸೆದ, ಕಿತ್ತ ಜಾಗ ತುಂಬುವುದು ಅವನಿಗೆ ಹೊಸದೇ?

ಯೋಜನೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿತ್ತು. ಮಾವನನ್ನು ಹೊರಗಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಅಚ್ಚು ತೆಗೆಯುವ ಮೆತ್ತನೆಯ ಹಿಟ್ಟನ್ನು ಬಾಯಿಗೆ ತುಂಬಿದ. "ಗಟ್ಟಿಯಾಗೋ ತನಕ ಅಲ್ಲಾಡಬಾರದು, ಮಾತೂ ಆಡಬಾರದು. ಆಡಿದ್ರೆ ಮೊದಲಿಂದ ಮಾಡ್ಬೇಕಾಗುತ್ತೆ," ಎಂದು ಹೆದರಿಸಿದ. ಅತ್ತೆ ಒಗೆದ ಬಟ್ಟೆ ಹರವಲು ಮಹಡಿಗೆ ಹೋಗಿದ್ದರು. ಅವನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ಅದೇ ಹಿಟ್ಟಿನಲ್ಲಿ ಕಾರನ್ನು ಅದುಮಿ ಅದರ ಅಚ್ಚನ್ನೂ ತೆಗೆದ. ಮಾವನ ಮೇಲ್ದವಡೆಯ ಜೊತೆ ಕಾರಿನ ಮೇಲ್ಭಾಗ, ಕೆಳದವಡೆಯ ಜೊತೆ ಕೆಳಭಾಗ. ಮಧ್ಯೆ ಮಾವ ಒಂದು ಸಲ "ಉಂ... ಉಂ..." ಎಂದರು. "ಇನ್ನೇನು ಆಯ್ತು ಮಾವ," ಎಂದು ಒಳಗಿನಿಂದಲೇ ಸಮಾಧಾನ ಹೇಳಿದ. ಕಾರನ್ನು ತೊಳೆದು, ಒರೆಸಿ, ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇಟ್ಟ.

ಕೆಲಸದ ಕೋಣೆಯಲ್ಲಿ, ಸೆಟ್ಟಿನ ವಸಡು ಮಾಡುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕನ್ನೇ ಎರಡೂ ಅಚ್ಚಿಗೆ ತುಂಬಿದ. ಒಂದೇ ಪಾತ್ರೆಯ ಕುದಿನೀರಿನಲ್ಲಿ ಮಾವನ ವಸಡೂ ಮಾವನ ಕಾರೂ ಜೊತೆಜೊತೆಯಾಗಿ ಬೆಂದವು. ಮೈ, ಚಕ್ರ, ಕಿಟಕಿ ಎಲ್ಲ ಒಂದೇ ಎರಕದಲ್ಲಿ ಇಳಿದವು. ತೂಕ ಸರಿಹೋಗಲೆಂದು ಹೊಟ್ಟೆಗೆ ಸೀಸದ ಚೂರು ತುಂಬಿದ. ನೀಲಿ ಬಳಿದ, ಹೊಸ ನೀಲಿಯಲ್ಲ, ವರ್ಷಗಟ್ಟಲೆ ಅಡುಗೆಯ ಹೊಗೆ ಕುಡಿದು ಮಂಕಾದ ನೀಲಿ. ಚಾವಣಿಯ ಮೇಲಿನ ಗೀರು, ದೀಪದ ಅಂಚಿನ ಮುಕ್ಕು ಯಾವುದನ್ನೂ ಬಿಡಲಿಲ್ಲ. ಕಾರಿನ ಹಿಂಬದಿಯಲ್ಲಿ ಹೆಬ್ಬೆರಳಗಲ ಬಣ್ಣ ಸವೆದು ಲೋಹ ಕಾಣುತ್ತಿತ್ತು. ಅಲ್ಲೇ ಏಕೆ ಸವೆಯಿತೆಂದು ಅವನು ಯೋಚಿಸಲಿಲ್ಲ. ಎಷ್ಟು ಬೆಳ್ಳಿ ಬಣ್ಣಕ್ಕೆ ಎಷ್ಟು ಬೂದಿ ಬಣ್ಣ ಬೆರೆಸಿದರೆ ಆ ಲೋಹದ ಬಣ್ಣ ಬರುತ್ತದೆಂದು ಮಾತ್ರ ಯೋಚಿಸಿದ. ಮುಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದ. ತನ್ನ ಕೈಗೆ ತಾನೇ ಮುತ್ತು ಕೊಡಬೇಕೆನ್ನಿಸಿತು. ಇದನ್ನು ಮೆಚ್ಚಬಲ್ಲವನು ಲೋಕದಲ್ಲಿ ತಾನೊಬ್ಬನೇ, ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಸ್ವಲ್ಪ ದುಃಖವೂ ಆಯಿತು.

ಭಾನುವಾರ ಮಧ್ಯಾಹ್ನ ಸೆಟ್ಟು ಹಿಡಿದು ಹೋದ. ಮಾವ ಹಲ್ಲು ಹಾಕಿಕೊಂಡು ಕನ್ನಡಿ ನೋಡಲು ಒಳಕೋಣೆಗೆ ಓಡಿದರು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅಸಲಿ ಕಾರು ಹತ್ತಿಯಲ್ಲಿ ಸುತ್ತಿಕೊಂಡು, ಹಲ್ಲಿನ ಡಬ್ಬಿಯೊಳಗೆ ಸೇರಿ, ಅವನ ಚೀಲ ಹೊಕ್ಕಿತು. ಪಡಿಯಚ್ಚು ಉಪ್ಪಿನ ಡಬ್ಬಿಯ ಪಕ್ಕ ಕುಳಿತು ಹುಟ್ಟಿದಂದಿನಿಂದ ಅಲ್ಲೇ ಇದ್ದಂತೆ ಮುಖ ಮಾಡಿತು. ಕೂಡಲೇ ಎದ್ದು ಹೋಗುವುದು ದಡ್ಡ ಕಳ್ಳರ ಕೆಲಸ. ಅವನು ಊಟಕ್ಕೆ ಕುಳಿತ.

ಅದೃಷ್ಟವೂ ಅವನ ಕಡೆಗೇ ಇತ್ತು. ಅತ್ತೆ, ಮಾವ ಮಾತು ಬಿಟ್ಟಿದ್ದರು. ಅತ್ತೆಯ ಹೊಸ ಛತ್ರಿಯನ್ನು ಮಾವ ಬಸ್ಸಿನಲ್ಲಿ ಮರೆತು ಬಂದು, ಆ ತಪ್ಪನ್ನು ಅತ್ತೆಯ ತಲೆಗೇ ಕಟ್ಟಿದ್ದರಂತೆ.

"ಇನ್ನೂ ಸ್ವಲ್ಪ ಬಡಿಸ್ಲಾ ಅಂತ ನಿಮ್ಮ ಮಾವನ್ನ ಕೇಳಪ್ಪ," ಎಂದರು ಅತ್ತೆ, ಮಾವನ ತಟ್ಟೆಯ ಪಕ್ಕದಲ್ಲೇ ನಿಂತು.

"ಸಾಕು ಅಂತ ನಿಮ್ಮತ್ತೆಗೆ ಹೇಳು. ಹಲ್ಲು ಹೊಸದು, ಹೊಟ್ಟೆ ಹಳೇದೇ."

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ. ಕಾರಿನ ಕಡೆ ಯಾರ ಕಣ್ಣೂ ಹೋಗಿರಲಿಲ್ಲ. ಅಳಿಯ ನೆಮ್ಮದಿಯಾಗಿ ಎರಡನೆಯ ಸಲ ಹಾಕಿಸಿಕೊಂಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ತಾನು ಎದ್ದು ಹೋದ ಮೇಲೆ ಹೇಗೂ ಒಂದಾಗುತ್ತಾರೆ ಎಂದುಕೊಂಡ.

ಆದರೆ ಹೊಸ ಹಲ್ಲು ಸಿಕ್ಕ ಖುಷಿಯಲ್ಲಿದ್ದ ಮಾವನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. ಕೈ ಒರೆಸಿಕೊಂಡು ಕಾರನ್ನು ಹತ್ತಿರಕ್ಕೆ ಎತ್ತಿಟ್ಟುಕೊಂಡರು.

"ಅಯ್ಯೋ, ಅವನ ಎದುರಿಗೇನಾ?" ಎಂದು ಅತ್ತೆ ನಾಚಿದರು.

"ಇವನೇನು ಹೊರಗಿನವನಾ? ನಮ್ಮ ಮನೆ ಮಗ," ಎಂದರು ಮಾವ. ಆಮೇಲೆ ಅಳಿಯನ ಕಡೆ ತಿರುಗಿ, "ಇದಕ್ಕೆ ಮನೇಲೇನು ಕೆಲಸ ಅಂತ ಕೇಳಿದ್ಯಲ್ಲ, ನೋಡು. ಮದುವೆಯಾದಾಗಿಂದ ನಂಗೆ ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿ ಅಭ್ಯಾಸ ಇಲ್ಲ. ಇದನ್ನ ಅವಳ ಕಡೆ ಓಡಿಸ್ತೀನಿ. ಅವಳು ವಾಪಸ್ ಓಡಿಸಿದ್ರೆ ರಾಜಿ," ಎಂದು, ಬಣ್ಣ ಸವೆದ ಜಾಗಕ್ಕೆ ಸರಿಯಾಗಿ ಹೆಬ್ಬೆರಳನ್ನು ಇಟ್ಟರು. ಅಳಿಯ ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಗೆ ಸರಿಸಿಕೊಂಡ.

ಮಾವ ತಳ್ಳಿದರು. ಕಾರು ಓಡಲಿಲ್ಲ, ಕರ್ರೆಂದು ಮೇಜನ್ನು ಕೆರೆದು ಅಲ್ಲೇ ನಿಂತಿತು. "ಇಷ್ಟು ದೂರ ಓಡಿಸೋಕೂ ಮನಸ್ಸಿಲ್ವಾ ನಿಮ್ಗೆ?" ಎಂದು ಅತ್ತೆಯ ದನಿ ನಡುಗಿತು. ಮಾವ ಗಾಬರಿಬಿದ್ದು ಜೋರಾಗಿ ತಳ್ಳಿದಾಗ ಅದು ಮಗುಚಿ ಬಿದ್ದು, ಮುಂದಿನ ಚಕ್ರವೊಂದು ಚಟ್ಟನೆ ಮುರಿದು ಅತ್ತೆಯ ಮುಂದೆ ಹೋಗಿ ಬಿತ್ತು. ಗೀರು, ಮುಕ್ಕು, ಮಂಕು, ತೂಕ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದ ಅಳಿಯನಿಗೆ, ಕಾರೆಂದ ಮೇಲೆ ಅದರ ಚಕ್ರ ತಿರುಗಬೇಕು ಎಂಬುದೊಂದು ಮಾತ್ರ ಹೊಳೆದೇ ಇರಲಿಲ್ಲ. ಅವನ ಬೀರುವಿನಲ್ಲಿ ಯಾವ ಕಾರೂ ಎಂದೂ ಓಡಿದ್ದಿಲ್ಲ. ಅತ್ತೆ ಮುರಿದ ಚೂರನ್ನು ಎತ್ತಿಕೊಂಡು, ಕಪ್ಪು ಬಣ್ಣದ ಒಳಗಿದ್ದ ಗುಲಾಬಿಯನ್ನು ನೋಡಿದರು. ಬೆರಗಿನಿಂದ ತೆರೆದೇ ಇದ್ದ ಗಂಡನ ಬಾಯಿಯನ್ನು, ಅದರೊಳಗೆ ಫಳಫಳಿಸುತ್ತಿದ್ದ ಹೊಸ ವಸಡನ್ನು ನೋಡಿದರು. ಕೊನೆಗೆ ಅಳಿಯನನ್ನು ನೋಡಿದರು. ಮೇಜಿನ ಆ ತುದಿಯಲ್ಲಿ ಕುರ್ಚಿ ಎಳೆದು ಕುಳಿತು, ಎರಡೂ ಕೈಗಳನ್ನು ಎದುರಿಗೆ ಚಾಚಿ, "ಚೀಲದಲ್ಲಿರೋದನ್ನ ತೆಗೆಯಪ್ಪ," ಎಂದರು. "ನಿಮ್ಮ ಮಾವನ ಸರದಿ ಆಮೇಲೆ. ಇವತ್ತು ಮೊದಲು ಓಡಿಸಬೇಕಾದೋನು ನೀನು."