ಒಂಬತ್ತು ಸುಟ್ಟ ಗುರುತುಗಳು

ಯಂತ್ರವನ್ನು ಬಾನೆಟ್ಟಿನ ಮೇಲಿಟ್ಟು ಗುಂಡಿ ಒತ್ತಿದ ನಲವತ್ತನೆಯ ಸೆಕೆಂಡಿಗೆ ಅಕ್ಷತಾ ಕಡೇಮನಿಯ ಗಾಡಿಯ ಬೆಲೆ ಪರದೆಯ ಮೇಲೆ ಮೂಡಿತು. ಹನ್ನೊಂದು ಲಕ್ಷ. ಅದರ ಕೆಳಗೆ ಸಹಿಗೆ ಒಂದು ಗೆರೆ. ಹುಬ್ಬಳ್ಳಿಯ ಹೊರವಲಯದಲ್ಲಿದ್ದ ವಿಮಾ ಕಂಪನಿಯ ಆ ಅಂಗಳಕ್ಕೆ ದಿನಕ್ಕೆ ಅರವತ್ತು ಜನ ಬರುತ್ತಿದ್ದರು, ಗೆರೆಯ ಮೇಲೆ ಸಹಿ ಹಾಕಿ ಹೋಗುತ್ತಿದ್ದರು. ಯಂತ್ರವೇ ಹೇಳಿದ ಮೇಲೆ ಮನುಷ್ಯ ಬಾಯಿ ತೆರೆಯಬಾರದೆಂದು ಆ ಹೊತ್ತಿಗೆ ಎಲ್ಲರೂ ಒಪ್ಪಿಬಿಟ್ಟಿದ್ದರು.

ಯಂತ್ರದ ಹೆಸರು ಲೋಹಸ್ಮೃತಿ. ತಗಡಿಗೆ ಪೆಟ್ಟು ಬಿದ್ದಾಗ, ಕಾವು ತಗುಲಿದಾಗ ಅದರೊಳಗಿನ ಕಣಗಳ ಸಾಲು ಕದಲುತ್ತದೆ. ಆಮೇಲೆ ವರ್ಷಗಟ್ಟಲೆ, ಬಲು ನಿಧಾನವಾಗಿ, ಮತ್ತೆ ಹೊಂದಿಕೊಳ್ಳುತ್ತ ಹೋಗುತ್ತದೆ. ಎಷ್ಟು ಹೊಂದಿಕೊಂಡಿದೆ ಎಂದು ಅಳೆದರೆ ಪೆಟ್ಟು ಬಿದ್ದ ದಿನವನ್ನೂ ಒಂದೆರಡು ದಿನ ಆಚೀಚೆಯಾಗಿ ಹೇಳಬಹುದು. ಸೇತುವೆಗಳ ಬಿರುಕು ಮೊದಲೇ ತಿಳಿಯಲೆಂದು ಹುಟ್ಟಿದ ಯಂತ್ರ ಇದು. ವಿಮಾ ಕಂಪನಿಯವರ ಕೈಗೆ ಸಿಕ್ಕಿತು.

ಅಕ್ಷತಾ ಹದಿನಾರು ಹೆಂಗಸರು ಬಡಿದ ಜೋಳದ ರೊಟ್ಟಿಯನ್ನು ದಿನವೂ ಐದು ಹಾಸ್ಟೆಲುಗಳಿಗೆ ಮುಟ್ಟಿಸುತ್ತಿದ್ದಳು. ನಿಲ್ಲಿಸಿದ್ದ ಗಾಡಿಗೆ ಟಿಪ್ಪರ್ ಒಂದು ಹಿಂದಿನಿಂದ ಬಂದು ಗುದ್ದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರಿಪೇರಿ ಮಾಡಿಸಿದರೆ ಗಾಡಿಯ ಬೆಲೆಗಿಂತ ಹೆಚ್ಚು ಖರ್ಚು, ಇದನ್ನು ಗುಜರಿಗೆ ಹಾಕಿ ಪರಿಹಾರ ಕೊಡುತ್ತೇವೆ ಎಂದು ಕಂಪನಿಯೇ ಹೇಳಿತ್ತು. ತಿಂಗಳೊಳಗೆ ಅಂಥದೇ ಇನ್ನೊಂದು ಗಾಡಿ ಬರದಿದ್ದರೆ ಹಾಸ್ಟೆಲಿನವರು ಬೇರೆಯವರನ್ನು ಹಿಡಿಯುತ್ತಿದ್ದರು. ಹದಿನಾರು ಒಲೆಗಳು ಆರುತ್ತಿದ್ದವು.

"ಈ ರೊಕ್ಕಕ್ಕ ಇಂಥಾದ್ದ ಗಾಡಿ ಕೊಡೂ ಅಂಗಡಿ ಎಲ್ಲೈತಿ ತೋರಸ್ರಿ," ಎಂದಳು ಅಕ್ಷತಾ. "ಅಲ್ಲೇ ಬಂದು ಸಹಿ ಮಾಡ್ತೀನಿ."

ಅಧಿಕಾರಿ ವಿಹಾನ್ ಶೆಟ್ಟರನಿಗೆ ಇಂಥ ಪ್ರಶ್ನೆ ಕೇಳಿ ಅಭ್ಯಾಸವಿರಲಿಲ್ಲ. "ಅಂಗಡಿ ನಮಗ ಗೊತ್ತಿಲ್ರಿ ಅಕ್ಕಾರ. ಗಾಡಿಗೆ ಒಂಬತ್ತ ಸಲ ಬೆಂಕಿ ಹತ್ತೇತಿ, ನೀವು ಮುಚ್ಚಿಟ್ಟೀರಿ ಅಂತ ವರದಿ ಬಂದೈತಿ. ಅದಕ್ಕ ಕಡಿಮಿ ಆಗೇತಿ. ಮಶೀನು ಸುಳ್ಳು ಹೇಳೂದಿಲ್ರಿ."

"ಅಂದ್ರ ನಾ ಹೇಳ್ತೀನೇನು?"

ವಿಹಾನ್, ಹತ್ತು ದಿನದೊಳಗೆ ಸಹಿ ಆಗದಿದ್ದರೆ ಕಡತ ಮುಚ್ಚುತ್ತದೆ ಎಂಬ ಚೀಟಿಯನ್ನು ಮುಂದಕ್ಕೆ ತಳ್ಳಿದ. ಗಾಡಿ ಹೋದದ್ದಕ್ಕೆ ಅಕ್ಷತಾ ಅತ್ತಿರಲಿಲ್ಲ. ಸುಳ್ಳಿ ಅನ್ನಿಸಿಕೊಂಡದ್ದನ್ನು ಮಾತ್ರ ಅವಳು ಸುಮ್ಮನೆ ಬಿಡಲಿಲ್ಲ. ಆ ವರದಿಯ ಪ್ರತಿ ಇಸಿದುಕೊಂಡು, ಅದನ್ನು ಬರೆದ ಯಂತ್ರ ಯಾರದೆಂದು ಕೇಳುತ್ತ ಕೇಳುತ್ತ ಮರುದಿನ ಧಾರವಾಡದ ಬಸ್ಸು ಹತ್ತಿದಳು.

ಲೋಹಸ್ಮೃತಿಯನ್ನು ಕಂಡುಹಿಡಿದ ಡಾ. ರೇಷ್ಮಾ ನದಾಫ್ ಪ್ರಯೋಗಾಲಯದ ಬಾಗಿಲಲ್ಲೇ ಬೈಸಿಕೊಂಡರು.

"ನನ್ನ ಗಾಡಿಗೆ ಬೆಂಕಿ ಹತ್ತಿದ್ದು ನಿಮಗ ಹೆಂಗ ಗೊತ್ರಿ ಬಾಯಾರ? ನೀವು ಬಂದು ಆರಿಸಿದ್ರೇನು?"

ರೇಷ್ಮಾ ವರದಿ ಓದಿದರು. ಮುಖ ಗಂಟಾಯಿತು. ಕಂಪನಿಯ ವರದಿಯನ್ನು ಬದಿಗಿಟ್ಟು ಯಂತ್ರದ ಮೂಲ ದಾಖಲೆ ತರಿಸಿಕೊಂಡರು. ಅದರಲ್ಲಿ ಬೆಂಕಿ ಎಂಬ ಪದವೇ ಇರಲಿಲ್ಲ. ಬಾನೆಟ್ಟಿನ ನಡುವೆ, ಅಂಗೈ ಅಗಲದ ಜಾಗದಲ್ಲಿ, ಒಂಬತ್ತು ಸಲ ಕಾವು ತಗುಲಿದೆ ಎಂದಷ್ಟೇ ಇತ್ತು.

"ನನ್ನ ಯಂತ್ರ ಕಾವು ಅಂದೈತಿ. ಬೆಂಕಿ ಅಂದಾವ್ರು ಅವ್ರು. ಮುಚ್ಚಿಟ್ಟೀರಿ ಅಂದಾವ್ರೂ ಅವ್ರೇ," ಎಂದು ರೇಷ್ಮಾ ದಿನಗಳನ್ನು ಎಣಿಸತೊಡಗಿದರು. ಒಂದು ಗುರುತಿಗೂ ಮುಂದಿನದಕ್ಕೂ ಹೆಚ್ಚುಕಡಿಮೆ ಮುನ್ನೂರ ಐವತ್ತನಾಲ್ಕು ದಿನ. ಮತ್ತೆ ಅಷ್ಟೇ. ಅದಾದ ಮೇಲೆ ಮುನ್ನೂರ ಎಂಬತ್ತನಾಲ್ಕು. ಅವರು ಪೆನ್ನು ಕೆಳಗಿಟ್ಟರು. "ಮಹಾನವಮಿ ಖಂಡೇಪೂಜಿಗೆ ಗಾಡಿ ಪೂಜಿ ಮಾಡಿ ಕರ್ಪೂರ ಎಲ್ಲಿ ಹಚ್ಚತೀರಿ?"

"ಎಲ್ಲಿ ಅಂದ್ರ? ಬಾನೆಟ್ಟಿನ ಮ್ಯಾಲೆ, ಎಲಿ ಇಟ್ಟು. ನಮ್ಮ ಮಾವನೋರು ಬ್ಯಾಡ ಅಂತಿದ್ರು, ಬಣ್ಣ ಹೋಗ್ತೈತಿ ಅಂತ. ನಾ ಕೇಳಲಿಲ್ಲ."

"ನಮ್ಮಪ್ಪನ ಗ್ಯಾರೇಜಿನ್ಯಾಗೂ ಆವತ್ತ ಪಾನಾ, ಜಾಕ್ ಎಲ್ಲಾ ತೊಳದು ಸಾಲಾಗಿ ಇಡತಿದ್ರು," ಎಂದರು ರೇಷ್ಮಾ. "ಎರಡು ವರ್ಷ ಚಂದ್ರನ ಹನ್ನೆರಡು ತಿಂಗಳಿಗೆ ಹಬ್ಬ, ಅಧಿಕ ಮಾಸ ಬಂದ್ರ ಹದಿಮೂರಕ್ಕ. ಬೆಂಕಿ ಅಪಘಾತ ಪಂಚಾಂಗ ನೋಡಿ ಬರ್ತೈತೇನು?"

ನಗಬೇಕಿತ್ತು. ಇಬ್ಬರಿಗೂ ನಗು ಬರಲಿಲ್ಲ. ಈ ಯಂತ್ರ ಮೂರು ವರ್ಷದಿಂದ ಓಡುತ್ತಿದೆ. ನಾಡಿನಲ್ಲಿ ಎಷ್ಟು ಬಾನೆಟ್ಟುಗಳ ಮೇಲೆ ಕರ್ಪೂರ ಉರಿದಿದೆ, ಎಷ್ಟು ಜನ ಕಳ್ಳರೆನ್ನಿಸಿಕೊಂಡು ಸಹಿ ಹಾಕಿ ಹೋಗಿದ್ದಾರೆ, ಲೆಕ್ಕವಿಟ್ಟವರು ಯಾರು? ರೇಷ್ಮಾ ದಾಖಲೆಯನ್ನು ಮಡಚಿಟ್ಟರು. "ಯಂತ್ರ ಕೊಟ್ಟೆ, ಅದನ್ನ ಹೆಂಗ ಓದ್ತಾರಂತ ಕೇಳಲಿಲ್ಲ. ನನ್ನ ತಪ್ಪು," ಎಂದರು.

"ತಪ್ಪು ಆಮ್ಯಾಲೆ ಒಪ್ಪಿಕೊಳ್ಳೂಣಂತ. ನಾಳೆ ನನ್ನ ಜೋಡಿ ಬರ್ರಿ," ಎಂದಳು ಅಕ್ಷತಾ.

ಮರುದಿನ ಅಂಗಳದಲ್ಲಿ ವಿಹಾನನ ಮೇಜಿನ ಮೇಲೆ ಒಂಬತ್ತು ವರ್ಷದ ಗೋಡೆ ಕ್ಯಾಲೆಂಡರುಗಳು ಬಿದ್ದವು. ಅಕ್ಷತಾ ಅವುಗಳ ಮೇಲೆ ದಿನವೂ ರೊಟ್ಟಿಯ ಲೆಕ್ಕ ಬರೆಯುತ್ತಿದ್ದುದರಿಂದ ಒಂದನ್ನೂ ರದ್ದಿಗೆ ಹಾಕಿರಲಿಲ್ಲ. ರೇಷ್ಮಾ ಒಂದೊಂದೇ ಮಹಾನವಮಿಯ ಮೇಲೆ ಬೆರಳಿಟ್ಟು ಯಂತ್ರದ ದಿನವನ್ನು ಓದಿದರು. ಒಂದೆರಡು ದಿನ ಆಚೀಚೆಯಾಗಿ ಒಂಬತ್ತೂ ತಾಳೆಯಾದವು.

ವಿಹಾನ್ ಬೆವರೊರೆಸಿಕೊಂಡು ಮೇಲಿನವರೊಡನೆ ಮಾತಾಡಿ ಬಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಮಾತು ತಂದ. "ಬೆಂಕಿದು ತಗದು ಹದಿನೈದು ಮಾಡೇವ್ರಿ. ಇಷ್ಟಕ್ಕ ಮುಗಸೂಣು."

"ಅಂಗಡಿ ಎಲ್ಲೈತಿ?"

"ಅಕ್ಕಾರ, ಅದು ಇಡೀ ದೇಶದ ಸರಾಸರಿ..."

"ದೇಶದ ಸರಾಸರಿಯೊಳಗ ನಾ ರೊಟ್ಟಿ ಒಯ್ಯಲೇನು?" ಅವಳು ಮೂರು ಹಾಳೆ ಮುಂದಿಟ್ಟಳು. ಹುಬ್ಬಳ್ಳಿ, ಗದಗ, ಬೆಳಗಾವಿಯಲ್ಲಿ ಮಾರಾಟಕ್ಕಿದ್ದ ಗಾಡಿಗಳು. ಅದೇ ಮಾದರಿ, ಅದೇ ವರ್ಷ, ಅಷ್ಟೇ ಓಡಿದವು. ಹತ್ತೊಂಬತ್ತು ಲಕ್ಷಕ್ಕೆ ಕಡಿಮೆ ಒಂದೂ ಇರಲಿಲ್ಲ. "ಇವು ಗಾಡಿ ಅದಾವ. ನಿಮ್ಮ ಹದಿನೈದರ ಗಾಡಿ ಎಲ್ಲೈತಿ, ತೋರಸ್ರಿ. ನಾ ಕಾಯ್ತೀನಿ."

ಕಾದಳು, ಆರು ದಿನ. ಬೆಳಿಗ್ಗೆ ಬಾಡಿಗೆ ಟಂಟಂ ಆಟೋದಲ್ಲಿ ರೊಟ್ಟಿ ಸಾಗಿಸಿ, ಮಧ್ಯಾಹ್ನ ಬಂದು ಆ ಮೇಜಿನ ಮುಂದೆ ಕೂತಳು. ಸಾಲಿನಲ್ಲಿದ್ದವರು ಮೊದಲು ಗೊಣಗಿದರು, ಆಮೇಲೆ ಆಲಿಸಿದರು. ನಾಲ್ಕನೆಯ ದಿನ ಬೈಕು ಕಳೆದುಕೊಂಡಿದ್ದ ಮುದುಕನೊಬ್ಬ ಸಹಿಯ ಪೆನ್ನು ಮರಳಿಸಿ, "ತಮಾ, ಅಂಗಡಿ ಎಲ್ಲೈತಿ?" ಎಂದ. ಐದನೆಯ ದಿನ ಹನ್ನೊಂದು ಮಂದಿ ಕೇಳಿದರು. ಆರನೆಯ ದಿನ ಅಕ್ಷತಾಗೆ ಹತ್ತೊಂಬತ್ತು ಲಕ್ಷ ಬಂತು, ವರದಿಯಿಂದ 'ಮುಚ್ಚಿಟ್ಟಿದ್ದಾರೆ' ಎಂಬ ಸಾಲು ಹೋಯಿತು. ಕ್ಷಮೆ ಬರಲಿಲ್ಲ.

ಅದರ ಬದಲು ಮುಂದಿನ ಹಬ್ಬಕ್ಕೆ ಕಂಪನಿಯಿಂದ ಎಲ್ಲರಿಗೂ ಸೂಚನೆ ಬಂತು: ದಯವಿಟ್ಟು ವಾಹನದ ಮೇಲೆ ಕರ್ಪೂರ ಹಚ್ಚಬೇಡಿ, ಯಂತ್ರಕ್ಕೆ ಗೊಂದಲವಾಗುತ್ತದೆ. ತಮ್ಮ ಯಂತ್ರ ಕುರುಡಾದರೆ ಊರವರು ಹಬ್ಬ ಬಿಡಬೇಕಂತೆ. ಬಹಳ ಜನ ಬಿಟ್ಟೂ ಬಿಟ್ಟರು. ಅಕ್ಷತಾ ಬಿಡಲಿಲ್ಲ. ಹೊಸದಾಗಿ ಕೊಂಡ ಹಳೆಯ ಗಾಡಿಯ ಬಾನೆಟ್ಟಿನ ನಟ್ಟನಡುವೆ ಎಲೆಯಿಟ್ಟು ಕರ್ಪೂರ ಹಚ್ಚಿದಳು, ಆ ದಿನವನ್ನು ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆದಿಟ್ಟಳು.

ಇದೆಲ್ಲ ಇನ್ನು ಮೂವತ್ತು ವರ್ಷದ ಮುಂದಿನ ಮಾತು; ಲೋಹಸ್ಮೃತಿ ಇನ್ನೂ ಹುಟ್ಟಿಲ್ಲ. ಇಂದು ಜಜ್ಜಿದ ಗಾಡಿಯ ಸುತ್ತ ಒಬ್ಬ ಮನುಷ್ಯ ಒಂದು ಸುತ್ತು ಬಂದು, ನಾಲ್ಕು ಫೋಟೋ ತೆಗೆದು, ಒಂದು ಅಂಕಿ ಬರೆಯುತ್ತಾನೆ. ಅದರ ಕೆಳಗೂ ಸಹಿಗೆ ಒಂದು ಗೆರೆ ಇರುತ್ತದೆ. ಅಂಗಡಿ ಎಲ್ಲಿದೆ ಎಂದು ಕೇಳಲು ಇನ್ನೂ ಮೂವತ್ತು ವರ್ಷ ಕಾಯಬೇಕಾಗಿಲ್ಲ.