ಬೇರೆ ಹೆಸರಿನ ದೀಪ

"ಆ ದೀಪ ಆರಿಸು."

ಲಿಸಾಂದ್ರೊ ನಮ್ಮ ಯಾದಿರಾಗೆ ಹೇಳಿದ ಮೊದಲನೇ ಮಾತು ಇದು ಕಣ್ರಮ್ಮಾ. ಪ್ರೀತಿ ಹೀಗೂ ಶುರುವಾಗ್ತದೆ. ಅವನ ದನಿಗೆ ನನ್ನ ಮನೆ ಚೆಂಡುಹೂವೆಲ್ಲ ಒಂದೇ ಸಲ ಬಾಡಿ ಹೋದ್ವು. ಸುಳ್ಳು ಅನ್ನೋರಿದ್ರೆ ನನ್ನ ಸತ್ತ ಗಂಡನ್ನೇ ಕೇಳಿ, ಅವನೂ ಅವತ್ತು ಅಲ್ಲೇ ಇದ್ದ.

ಇರದೇ ಏನು, ವರ್ಷಕ್ಕೊಮ್ಮೆ ಸತ್ತೋರು ಮನೆಗೆ ಬರೋ ನಮ್ಮ ಹಬ್ಬದ ದಿನ ಅದು. ಫ್ರೆಸ್ನೊದ ನಮ್ಮ ಬೀದೀಲಿ ಮನೆಮನೇಲೂ ಹೂವು, ದೀಪ, ಫೋಟೋ. ಪಕ್ಕದ್ಮನೆ ಒಬ್ದುಲಿಯಾ, ನಲವತ್ತು ವರ್ಷ ನನ್ನ ಜೊತೆ ದ್ರಾಕ್ಷಿ ಕೊಯ್ದವಳು, ಆ ಬೇಸಿಗೇಲಿ ತೀರ್ಕೊಂಡಿದ್ಲು. ಮಗ ಲಿಸಾಂದ್ರೊ ಲಾರಿ ಓಡಿಸ್ಕೊಂಡು ಊರೂರು ಸುತ್ತೋನು, ಬರ್ತಾನೋ ಇಲ್ವೋ ಅಂತ ಅವಳ ಫೋಟೋನೂ ನನ್ನ ಮನೇಲೇ ಇಟ್ಟಿದ್ವಿ.

ಯಾದಿರಾ ನನ್ನ ಮೊಮ್ಮಗಳು, ಬೇರೆ ಊರಲ್ಲಿ ಬೆಳೆದು ಇಲ್ಲಿಗೆ ಓದೋಕೆ ಬಂದ ಹುಡುಗಿ. ತೋಟದಲ್ಲಿ ದುಡಿಯೋ ನಮ್ಮ ಜನರ ಬಾಳನ್ನ ನಮ್ಮ ಮಕ್ಕಳೇ ಬರೀಲಿ ಅಂತ ಕೊಡೋ ಸ್ಕಾಲರ್‌ಶಿಪ್ ತಗೊಂಡು, ಎರಡು ವರ್ಷ ತೋಟದ ಹೆಂಗಸರ ಮಾತು ರೆಕಾರ್ಡ್ ಮಾಡಿದ್ಲು. ಯಾರಿಗೂ ತೊಂದ್ರೆ ಆಗಬಾರದು ಅಂತ ಅವಳು ಬರೀತಿದ್ದ ಪುಸ್ತಕದಲ್ಲಿ ಎಲ್ಲರಿಗೂ ಬೇರೆ ಹೆಸರು. ಒಬ್ದುಲಿಯಾ ಅಲ್ಲಿ 'ಸೆಲ್ಸಾ'. ಬರೆದೂ ಬರೆದೂ ಕೈಗೆ ರೂಢಿಯಾಗಿ, ಅವತ್ತು ದೀಪದ ಗಾಜಿನ ಮೇಲೂ 'ಸೆಲ್ಸಾ' ಅಂತಲೇ ಬರೆದುಬಿಟ್ಟಿದ್ಲು.

"ಯಾರದು ಸೆಲ್ಸಾ?" ಅಂದ ಲಿಸಾಂದ್ರೊ. "ಹೆಸರು ಹಿಡಿದು ಕರೆದ್ರೆ ತಾನೇ ಸತ್ತೋರು ಬರೋದು? ಬೆಳಗ್ಗಿಂದ ಅಮ್ಮನ ಮನೆ ಬಾಗಿಲಲ್ಲಿ ಕೂತಿದೀನಿ. ಬಂದಂಗೇ ಅನ್ನಿಸ್ತಿಲ್ಲ."

"ತಪ್ಪಾಯ್ತು..."

"ಪುಸ್ತಕದಲ್ಲೂ ಇದೇ ಹೆಸರಂತೆ. ನಮ್ಮಮ್ಮನ ಬಾಳು ಕಿತ್ಕೊಂಡು ಯಾವಳಿಗೋ ಕೊಟ್ಯಲ್ಲ. ಅಮ್ಮನ ಕಥೇನೇ ತೆಗೆದುಹಾಕು."

ತೆಗೆದ್ರೆ ಅವಳ ಎರಡು ವರ್ಷದ ಕೆಲಸಕ್ಕೆ ಬೆನ್ನೆಲುಬೇ ಇಲ್ಲ. ಆದ್ರೂ ಅವಳಿಗೆ ಚುಚ್ಚಿದ್ದು ಅದಲ್ಲ.

'ಪಾಪ, ಅವರು ದಾರಿ ತಪ್ಪಿ ಎಲ್ಲೋ ನಿಂತಿದಾರಾ... ನನ್ನಿಂದ?'

ಗಾಳಿ ಒಂದಿಷ್ಟೂ ಇರಲಿಲ್ಲ. ದೀಪ ಬಾಗಿಲ ಕಡೆ ವಾಲಿತು. ನನ್ನ ತಲೇಲಿ ಉಳಿದಿರೋ ಹನ್ನೊಂದು ಕೂದಲೂ ನೆಟ್ಟಗಾದ್ವು.

ಯಾದಿರಾ ಬೆಚ್ಚಿ ನೋಡಿದ್ಲು. ಆಮೇಲೆ ಮೆಲ್ಲಗೆ ಅಂದ್ಲು, "ಆ ಹೆಸರು ನಾನಿಟ್ಟಿದ್ದಲ್ಲ. ನಿಮ್ಮಮ್ಮನೇ ಆರಿಸ್ಕೊಂಡಿದ್ದು. ಸೆಲ್ಸಾ ಯಾರು ಅಂತ ನೀವಾಗೇ ಕೇಳಿದ ದಿನ ಇದನ್ನ ಕೇಳಿಸು ಅಂದಿದ್ರು. ಈಗ ಕೇಳಿದ್ರಿ."

ಫೋನ್ ಒತ್ತಿದ್ಲು. ಸತ್ತ ಒಬ್ದುಲಿಯಾ ನನ್ನ ನಡುಮನೇಲಿ ಕೆಮ್ಮಿದ್ಲು.

"ಸೆಲ್ಸಾ ನನ್ನ ಮೊದಲನೇ ಮಗು ಕಣೇ. ಹದಿನೇಳು ದಿನದ ಕೂಸು. ಬಳ್ಳಿ ನೆರಳಲ್ಲಿ ಮಲಗಿಸಿ ದ್ರಾಕ್ಷಿ ಕೊಯ್ಯಕ್ಕೆ ಹೋದೆ. ತಿರುಗಿ ಬಂದಾಗ ಉಸಿರಿರಲಿಲ್ಲ. ಲಿಸಾಂದ್ರೊಗೆ ಹೇಳೋ ಧೈರ್ಯ ಬರಲಿಲ್ಲ. ದೀಪ ಇಡೋಣ ಅಂದ್ರೆ ಒಂದು ಫೋಟೋನೂ ಇಲ್ಲ. ನಿನ್ನ ಪುಸ್ತಕದಲ್ಲಾದ್ರೂ ಅವಳು ದೊಡ್ಡೋಳಾಗ್ಲಿ. ನನ್ನಷ್ಟು ವಯಸ್ಸು ಬದುಕಲಿ."

ಲಾರಿ ಎತ್ತೋ ಅಂಥ ಗಂಡಸು ಇನ್ನೊಂದು ದೀಪ ತಗೊಂಡು 'ಒಬ್ದುಲಿಯಾ' ಅಂತ ಬರೆದು ಪಕ್ಕದಲ್ಲಿಟ್ಟ.

"ಅಕ್ಕಂದು ಆರಿಸ್ಬೇಡ," ಅಂದ. "ಪುಸ್ತಕದಿಂದಲೂ ತೆಗೀಬೇಡ."

ಅಮ್ಮನ ರೆಕಾರ್ಡಿಂಗ್ ಇದ್ದಿದ್ದು ನಾಲ್ಕೇ ಗಂಟೆ. ಕೇಳಿ ಮುಗಿಸೋಕೆ ನಮ್ಮ ರಾಜಕುಮಾರನಿಗೆ ಹನ್ನೆರಡು ತಿಂಗಳು ಬೇಕಾಯ್ತು. ಪ್ರತಿ ಭಾನುವಾರ ನನ್ನ ಮನೆ, ನನ್ನ ಜೋಳದ ಕಡುಬು ತಮಾಲೆ, ನನ್ನ ಕುರ್ಚಿ.

ಮುಂದಿನ ವರ್ಷ ಅದೇ ದಿನ, ಎರಡು ದೀಪ ಹಚ್ಚಿ ಆದ ಮೇಲೆ, ಬಾಗಿಲಲ್ಲಿ ನಿಂತು ಅಂದ, "ರೆಕಾರ್ಡಿಂಗ್ ಮುಗಿದೋಯ್ತು. ಇನ್ನು ಯಾವ ನೆಪ ಹೇಳ್ಕೊಂಡು ಬರ್ಲಿ?"

"ಕಿವುಡಿ ಥರ ಇರ್ತೀನಿ, ಮಾತಾಡ್ಕೊಳ್ಳಿ," ಅಂತ ನಾನು ಗೋಡೆ ಕಡೆ ತಿರುಗಿದೆ.

"ನೆಪ ಯಾಕೆ?" ಅಂದ್ಲು ಯಾದಿರಾ. "ಹೆಸರು ಹಿಡಿದು ಕರೆದ್ರೆ... ಬದುಕಿರೋರೂ ಬರ್ತಾರಾ?"

"ಕರೆದು ನೋಡು."

ಒಂದು ವರ್ಷ 'ರೀ', 'ನೋಡಿ' ಅಂತಲೇ ಕಳೆದಿದ್ದ ಹುಡುಗಿ.

"ಲಿಸಾಂದ್ರೊ..."

ದೀಪ ಎರಡೂ ಒಳಗಡೆ ವಾಲಿದ್ವು.

"ಬಂದೆ," ಅಂದ ಅವನು.